ಹಳೆಯ ಜೀಪಿನ ನಿದಾನ

ನಿದಾನವೆಂದರೆ ಆಡುನುಡಿಯಲ್ಲಿ ಸಾವಕಾಶ. ವೈದ್ಯಶಾಸ್ತ್ರದಲ್ಲಿ ರೋಗಮೂಲದ ನಿರ್ಣಯ. ಮಲೆನಾಡಿನ ತೋಟದ ಹಾದಿಗಳಲ್ಲಿ ಇಂದಿಗೂ ಓಡಾಡುವ ಹಳೆಯ ಡೀಸೆಲ್ ಜೀಪು, ನಿಲ್ಲಿಸಿ ಇಂಜಿನ್ ಓಡಿಸಿದಾಗ ಗಡಗಡನೆ ನಡುಗತೊಡಗಿದರೆ ಗೃಹಸ್ಥನಿಗೆ ಇವೆರಡೂ ಅವಶ್ಯ. ದೋಷವನ್ನರಿಯದೆ ಪಂಪು ಬಿಚ್ಚಿಸಿದವನ ಹಣ ವ್ಯರ್ಥವಾಗುವುದುಂಟು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನಲ್ಲಿ ಒತ್ತಲ್ಪಟ್ಟು ಕಾದ ಗಾಳಿಯೇ ಇಂಜೆಕ್ಟರು ಸಿಂಪಡಿಸಿದ ಡೀಸೆಲನ್ನು ಹೊತ್ತಿಸುವುದು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಸೋತರೂ ಇಂಜಿನ್ ಕುಂಟುವುದು. ಇದನ್ನೇ ಮೆಕ್ಯಾನಿಕರು ‘ಮಿಸ್ಸಿಂಗ್’ ಎನ್ನುವರು.

ಮೊದಲು ಅಲ್ಪವ್ಯಯದ ಪರೀಕ್ಷೆಗಳು. ಡೀಸೆಲ್ ಫಿಲ್ಟರು ಕಟ್ಟಿದೆಯೇ? ಟ್ಯಾಂಕಿನಿಂದ ಬರುವ ಪೈಪಿನ ಸಂದುಗಳಲ್ಲಿ ಗಾಳಿ ಸೇರುತ್ತಿದೆಯೇ? ಹೊಗೆಯನ್ನೂ ನೋಡತಕ್ಕದ್ದು. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಕಾದ ಮೇಲೂ ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೆ ರೇಡಿಯೇಟರಿನ ನೀರು ಒಳಸೇರುತ್ತಿದೆ.

ಬಳಿಕ ನುರಿತ ಮೆಕ್ಯಾನಿಕನು ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಕೊಂಚ ಸಡಿಲಿಸಿ, ಕಿವಿಗೊಟ್ಟು, ಮರಳಿ ಬಿಗಿಯಲಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗದೋ ಆ ಸಿಲಿಂಡರೇ ಮೈಗಳ್ಳ. ಇಂಜಿನ್ ನಿಲ್ಲಿಸಿ, ಅದರ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದರೊಡನೆ ಅದಲುಬದಲು ಮಾಡಿ ನೋಡತಕ್ಕದ್ದು. ದೋಷವೂ ಜೊತೆಗೇ ಹೋದರೆ ಇಂಜೆಕ್ಟರಿನದೇ ತಪ್ಪು. ಅಲ್ಲಿಯೇ ಉಳಿದರೆ ವಾಲ್ವು, ಕಂಪ್ರೆಷನ್, ಕಟ್ಟಕಡೆಗೆ ಪಂಪು.

ವಾಚಕರು ಮರೆಯಬಾರದ ಮಾತೊಂದುಂಟು. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು. ಗಾಯವು ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಹೊಸ ಮಾದರಿಯ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಒತ್ತಡವು ಅತ್ಯಧಿಕವಾದುದರಿಂದ ಅಲ್ಲಿ ನಟ್ಟು ಸಡಿಲಿಸುವ ಈ ಪರೀಕ್ಷೆಯು ಸರ್ವಥಾ ನಿಷಿದ್ಧ.