ತಿಳಿನೀರು ಮತ್ತು ಶುದ್ಧನೀರು

ರೋಣ, ನರಗುಂದ, ಗಜೇಂದ್ರಗಡಗಳ ನೀರಿನ ವಿಚಾರವನ್ನು ಪರಿಶೀಲಿಸುವಾಗ ನಾವು ಎರಡು ದೋಷಗಳನ್ನು ಪ್ರತ್ಯೇಕಿಸಬೇಕಾಗುತ್ತದೆ. ಎರೆಭೂಮಿಯ ಕೆರೆನೀರಿನ ದೋಷ ರಾಡಿ. ಗದಗ ಜಿಲ್ಲೆಯ ಹಲವು ಕೊಳವೆಬಾವಿಗಳದು ಕಣ್ಣಿಗೆ ಕಾಣದ ಫ್ಲೋರೈಡು.

ಮೊದಲನೆಯದಕ್ಕೆ ಪ್ರಾಚೀನರು ಸಸ್ಯಗಳಲ್ಲಿಯೇ ಪರಿಹಾರವನ್ನು ಕಂಡಿದ್ದರು. ಸುಶ್ರುತಸಂಹಿತೆ, ಮನುಸ್ಮೃತಿಗಳೆರಡೂ ನೀರನ್ನು ತಿಳಿಗೊಳಿಸುವ ಕತಕವನ್ನು, ಎಂದರೆ ಚಿಲ್ಲದ ಬೀಜವನ್ನು, ಹೆಸರಿಸುತ್ತವೆ. ನುಗ್ಗೆಬೀಜದ ಗುಣವೂ ಇಂಥದೇ: ಅದರ ಪ್ರೋಟೀನು ಧನಾವೇಶವುಳ್ಳದ್ದು, ಜೇಡಿಯ ಕಣ ಋಣಾವೇಶವುಳ್ಳದ್ದು, ಎರಡೂ ಕೂಡಿ ಗರಣೆಗಟ್ಟಿ ತಳಕ್ಕಿಳಿಯುತ್ತವೆ.

ಕರಗಿದ ಫ್ಲೋರೈಡಾದರೋ ಹೀಗೆ ಸುಲಭವಾಗಿ ಇಳಿಯದು. ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಲೆಗಟ್ಟಬಹುದು. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಯೂ ಕೆಡುವುದು. ಇಲ್ಲಿಯೇ ನ್ಯಾನೋಕಣಗಳ ಪ್ರಸಕ್ತಿ. ಎಲೆಯ ಕಷಾಯದಲ್ಲಿರುವ ಪಾಲಿಫಿನಾಲುಗಳು ಕಬ್ಬಿಣದ ಲವಣದೊಡನೆ ವರ್ತಿಸಿ ಅತಿಸೂಕ್ಷ್ಮ ಕಣಗಳನ್ನು ರೂಪಿಸುತ್ತವೆ. ಇವುಗಳ ಅಳತೆಗೋಲಾದ ನ್ಯಾನೋಮೀಟರು ಮೀಟರಿನ ನೂರು ಕೋಟಿಯಲ್ಲೊಂದು ಅಂಶ. ಕಣ ಕಿರಿದಾದಷ್ಟೂ ಅದೇ ತೂಕಕ್ಕೆ ಹೊರಮೈ ಹಿರಿದಾಗುವುದರಿಂದ ಫ್ಲೋರೈಡು ಅದಕ್ಕೆ ಹೆಚ್ಚಾಗಿ ಅಂಟಿಕೊಳ್ಳುತ್ತದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಬಳಸಿದ ಕಣಗಳನ್ನು ಪೂರ್ಣವಾಗಿ ಸೋಸಿ ತೆಗೆಯದಿದ್ದರೆ ಮಾತ್ರ, ಒಂದು ಮಾಲಿನ್ಯವನ್ನು ಕಳೆದು ಇನ್ನೊಂದನ್ನು ತಂದಂತಾಗುವುದು.

ಆದುದರಿಂದ ಹಳೆಯದರ ಹೊಗಳಿಕೆಯಾಗಲಿ ಹೊಸದರ ಬೆರಗಾಗಲಿ ಸಾಲದು. ಆಯಾ ಬಾವಿಯ ನೀರನ್ನು ಪರೀಕ್ಷಿಸಿದ ಬಳಿಕವೇ ಅದರ ಮದ್ದನ್ನು ನಿಶ್ಚಯಿಸತಕ್ಕದ್ದು. ತಿಳಿಯಾದುದೆಲ್ಲ ಶುದ್ಧವಲ್ಲ.