ಬುಟ್ಟಿಗೆ ಬಿತ್ತೋ, ಇಲ್ವೋ?

ಡಿಸ್ಕ್ ಗಾಲ್ಫ್‌ನಲ್ಲಿ ಗುಳಿ ಇರಲ್ಲ. ಕಂಬಕ್ಕೊಂದು ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಮೊದಲು ಮರಕ್ಕೋ ಕಂಬಕ್ಕೋ ತಾಗಿದರೆ ಸಾಕಿತ್ತು. ತಾಗಿತಾ ಇಲ್ವಾ ಅಂತ ಜಗಳ. 1970ರ ದಶಕದಲ್ಲಿ ಅಮೆರಿಕದ ಎಡ್ ಹೆಡ್ರಿಕ್ ಈ ಬುಟ್ಟಿ ತಂದರು. ಜಗಳ ನಿಂತಿತಾ? ಎಲ್ಲಿ ಬಂತು!

ಸರಪಳಿಗೆ ಬಡಿದು ಹೊರಗೆ ಚಿಮ್ಮಿದರೆ ಲೆಕ್ಕಕ್ಕಿಲ್ಲ. ಬುಟ್ಟಿಯ ನೆತ್ತಿಯ ಮೇಲೆ ಹೋಗಿ ಕೂತರೂ ಇಲ್ಲ. ತಕರಾರು ಇರೋದು, ಪಕ್ಕದಿಂದ ಬಂದು ಬುಟ್ಟಿಯ ಸರಳುಗಳ ನಡುವೆ ಸಿಕ್ಕಿಕೊಂಡ ಡಿಸ್ಕ್‌ನದ್ದು. ಹಿಂದಿನ ನಿಯಮದಲ್ಲಿ ಅದು ಅಂಚಿನ ಮೇಲಿನಿಂದಲೇ ಒಳಹೋಗಬೇಕಿತ್ತು. ಅಷ್ಟು ದೂರದಿಂದ ನೋಡಿದವರು ಯಾರು? ಈಗ ಬುಟ್ಟಿಯೋ ಸರಪಳಿಯೋ ಅದನ್ನು ಹಿಡಿದು ನಿಲ್ಲಿಸಿದ್ದರೆ ಆಯಿತು. ಇಂಜಿನಿಯರಿಂಗ್ ಓದಿದ ನನಗೆ ಇದೇ ಸರಿ ಅನ್ಸುತ್ತೆ: ಹಾದುಬಂದ ದಾರಿ ಕಣ್ತಪ್ಪುತ್ತೆ, ನಿಂತ ಜಾಗ ಎದುರಿಗೇ ಇರುತ್ತೆ. ಆದರೆ ಅಂಥ ಒಂದೇ ಎಸೆತಕ್ಕೆ ಪಂದ್ಯ ಕಳಕೊಂಡವನ ಮುಂದೆ ಇದನ್ನ ಹೇಳೋ ಧೈರ್ಯ ನನಗಿಲ್ಲ.