ತುರಿಕೆ ನಿಂತೊಡನೆ ಹುಳುಕಡ್ಡಿ ಹೋಯಿತೆನ್ನಬೇಡಿ

ಮುಂಬಯಿಯಲ್ಲಿ ಮಳೆಗಾಲ ಆರಂಭವಾಯಿತೆಂದರೆ ಒದ್ದೆ ಬಟ್ಟೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮೈಮೇಲೆಯೇ ಒಣಗುತ್ತದೆ. ಆಗಲೇ ತೊಡೆಸಂದು, ಕಂಕುಳು, ಸೊಂಟದ ಸುತ್ತ ಉಂಗುರದಂಥ ಕೆಂಪು ಕಲೆ, ತಡೆಯಲಾಗದ ತುರಿಕೆ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಇದು ಹುಳುಕಡ್ಡಿ, ಮರಾಠಿಯಲ್ಲಿ ಗಜಕರ್ಣ. ಹೆಸರಿನಲ್ಲಿ ಹುಳು ಇದ್ದರೂ ಕಾರಣ ಹುಳುವಲ್ಲ. ಚರ್ಮದ ಮೇಲೆ ಬೆಳೆಯುವ ಫಂಗಸ್, ಅಂದರೆ ಶಿಲೀಂಧ್ರ. ಹೋಟೆಲ್, ಕ್ಯಾಂಟೀನ್‌ಗಳಲ್ಲಿ ದಿನವಿಡೀ ನೀರಿನಲ್ಲಿ ಕೈಯಾಡಿಸುವವರ ಬೆರಳ ಸಂದು ಬೆಳ್ಳಗಾಗಿ ಬಿರಿಯುವುದಕ್ಕೂ ಅನೇಕ ವೇಳೆ ಕ್ಯಾಂಡಿಡಾ ಎಂಬ ಫಂಗಸ್ ಕಾರಣ.

ನಾಚಿಕೆಯಿಂದ ವೈದ್ಯರ ಬಳಿ ಹೋಗದೆ, ಮೆಡಿಕಲ್ ಅಂಗಡಿಯಲ್ಲಿ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎನ್ನುವವರು ಅನೇಕರು. ಎಡವಟ್ಟಾಗುವುದು ಇಲ್ಲೇ. ಕೆಲವು ಟ್ಯೂಬ್‌ಗಳಲ್ಲಿ ಫಂಗಸ್ ಔಷಧದ ಜತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ಮೂರು ದಿನಗಳಲ್ಲಿ ತುರಿಕೆ ಮಾಯ. ಆದರೆ ಸ್ಟೀರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಫಂಗಸ್ ಸದ್ದಿಲ್ಲದೆ ಹರಡುತ್ತದೆ. ಟ್ಯೂಬ್ ನಿಲ್ಲಿಸಿದರೆ ಮತ್ತಷ್ಟು ಜೋರಾಗಿ ಮರಳುತ್ತದೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ ಗೆರೆಗಳು ಉಳಿದುಬಿಡುತ್ತವೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು.

ಸ್ಟೀರಾಯ್ಡ್ ಇಲ್ಲದ ಕ್ಲೋಟ್ರಿಮಾಜೋಲ್, ಟರ್ಬಿನಾಫಿನ್‌ನಂಥ ಮುಲಾಮುಗಳು ಸಾಮಾನ್ಯ ಸೋಂಕಿಗೆ ಸಾಕಾಗುತ್ತವೆ. ಚರ್ಮವನ್ನು ತೊಳೆದು, ಚೆನ್ನಾಗಿ ಒರೆಸಿ, ಕಲೆಯ ಅಂಚಿನಿಂದ ಸುಮಾರು 2 ಸೆಂ.ಮೀ. ಹೊರಗಿನವರೆಗೂ ಹಚ್ಚಬೇಕು. ಕಲೆ ಹೋದ ಮೇಲೂ ಸುಮಾರು 2 ವಾರ ಮುಂದುವರಿಸಬೇಕೆಂಬುದು ಚರ್ಮ ತಜ್ಞರ ಸಾಮಾನ್ಯ ಸಲಹೆ. ತುರಿಕೆ ನಿಂತಿತೆಂದು ಔಷಧ ಬಿಡುವುದು ಎರಡು ಕಂತು ಕಟ್ಟಿ ಸಾಲ ತೀರಿತು ಎಂದಂತೆ.

ಸೋಂಕು ಮೈತುಂಬ ಹರಡಿದ್ದರೆ ಅಥವಾ ಉಗುರು, ತಲೆಗೆ ತಗಲಿದ್ದರೆ ಮಾತ್ರೆ ಬೇಕಾಗುತ್ತದೆ. ಇದು ವೈದ್ಯರೇ ನಿರ್ಧರಿಸಬೇಕಾದದ್ದು. ಯಕೃತ್ತಿನ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು. ಹೃದಯ ದುರ್ಬಲವಾಗಿರುವವರಿಗೆ ಇಟ್ರಾಕೊನಾಜೋಲ್ ಅಪಾಯಕಾರಿ. ಟರ್ಬಿನಾಫಿನ್‌ಗೆ ಬಗ್ಗದ ಫಂಗಸ್ ಕೂಡ ಭಾರತದಲ್ಲಿ ವ್ಯಾಪಕವಾಗಿದೆ. 2020ರಲ್ಲಿ ಇದಕ್ಕೆ ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ಹೆಸರಿಡಲಾಯಿತು.

ಒಂದೇ ರೂಮಿನಲ್ಲಿ ಹಲವರು ವಾಸಿಸುವಲ್ಲಿ ಟವೆಲು, ಹಾಸಿಗೆ, ಒಳಉಡುಪು ಪ್ರತ್ಯೇಕವಾಗಿರಲಿ. ಸೋಂಕು ಇರುವವರೆಲ್ಲರೂ ಏಕಕಾಲದಲ್ಲಿ ಚಿಕಿತ್ಸೆ ಪಡೆಯದಿದ್ದರೆ ಒಬ್ಬರಿಂದೊಬ್ಬರಿಗೆ ಅದು ಸುತ್ತುತ್ತಲೇ ಇರುತ್ತದೆ. ಕನ್ನಡ ಸಂಘಗಳು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಮಧುಮೇಹ ತಪಾಸಣೆಯ ಜತೆ ಚರ್ಮ ತಜ್ಞರಿಗೂ ಪರದೆಯ ಮರೆಯಲ್ಲಿ ಒಂದು ಮೇಜು ಹಾಕಿದರೆ, ಸಂಕೋಚಪಟ್ಟು ಸುಮ್ಮನಿರುವವರಿಗೆ ದೊಡ್ಡ ಉಪಕಾರವಾದೀತು.